ಎದೆಯೊಳಗಿನ ಕೀವು

ಸ್ಯಾನ್ ಡಿಯಾಗೋದ ಆಸ್ಪತ್ರೆಯೊಂದರಲ್ಲಿ ನಾನು ಸಿಟಿ ಸ್ಕ್ಯಾನ್ ಮಾಡುವವಳು. ಪಕ್ಕದ ಊರು ಪೊವೇಯಲ್ಲಿ ಮಗಳ ಮನೆಗೆ ಬಂದಿದ್ದ ಧಾರವಾಡದ ಅಂಕಲ್ ಒಬ್ಬರಿಗೆ ವಾರಗಟ್ಟಲೆ ಜ್ವರ, ನಾರುವ ಕಫ. ಸ್ಕ್ಯಾನ್ ಮುಗಿದು, ನಾನು ಕನ್ನಡದವಳೆಂದು ಗೊತ್ತಾದದ್ದೇ, "ಕ್ಯಾನ್ಸರ್ ಐತೇನವಾ? ಖರೇ ಹೇಳು," ಎಂದರು. ರಿಪೋರ್ಟ್ ಹೇಳುವುದು ಡಾಕ್ಟರ ಕೆಲಸ. ನಾನು ಕೈ ಹಿಡಿದು ಎಬ್ಬಿಸಿದೆ.

ಆರು ವಾರದ ಮೇಲೆ ಮತ್ತೆ ಸ್ಕ್ಯಾನಿಗೆ ಬಂದಾಗ ಮುಖದಲ್ಲಿ ಕಳೆಯಿತ್ತು. "ಕ್ಯಾನ್ಸರ್ ಅಲ್ಲಂತವಾ. ಪುಪ್ಪುಸದಾಗ ಕೀವು ತುಂಬಿತ್ತು. ಹುಳುಕು ಹಲ್ಲಿನ ಹೊಲಸು ನಿದ್ದ್ಯಾಗ ಒಳಗ ಇಳದಿತ್ತಂತ. ಆಂಟಿಬಯಾಟಿಕ್ ಗುಳಿಗಿಗೇ ಜ್ವರ ಬಿಡ್ತು," ಎಂದರು.

ಪರದೆಯಲ್ಲಿ ಕೀವಿನ ಗುಳಿ ಬಹುತೇಕ ಮುಚ್ಚಿತ್ತು. ನನ್ನ ಮುಖ ನೋಡಿ, "ಹೇಳಬ್ಯಾಡ ಬಿಡು, ಗೊತ್ತಾತು," ಎಂದು ನಕ್ಕರು.

ಅವರು ಹೋದಮೇಲೆ, ಎರಡು ವರ್ಷದಿಂದ ಹಲ್ಲು ತೋರಿಸದೆ ತಪ್ಪಿಸಿಕೊಂಡು ಓಡಾಡುತ್ತಿದ್ದ ನಾನು ನನ್ನ ಡೆಂಟಿಸ್ಟಿಗೆ ಫೋನ್ ಮಾಡಿದೆ.