ಹಗಲು ಬಿದ್ದ ಚಿಕ್ಕಿ, ಮನೆಗೆ ಬಂದ ಕ್ರಿಕೆಟ್

ಎಂಬತ್ತರ ದಶಕದ ಮೊದಲ ವರ್ಷಗಳು. ಇಳಕಲ್ಲಿಗೆ ಇನ್ನೂ ಟಿವಿ ಪ್ರಸಾರ ಬಂದಿರಲಿಲ್ಲ. ನಮ್ಮ ಮನೆಗೆ ಟಿವಿ ಮಾತ್ರ ಬಂದಿತ್ತು. ಸೀರೆ ವ್ಯಾಪಾರಕ್ಕೆಂದು ಮುಂಬಯಿಗೆ ಹೋಗಿದ್ದ ನಮ್ಮ ಮಾವನವರು, ಅಲ್ಲಿ ಕಂಡದ್ದು ಇಲ್ಲೇಕೆ ಕಾಣಬಾರದೆಂದು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಮಾಳಿಗೆಯ ಮೇಲೆ ಉದ್ದದ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿಸಿದರು. ಪರದೆಯಲ್ಲಿ ಕುಣಿದದ್ದು ರವೆಯಂಥ ಬಿಳಿ ಚುಕ್ಕೆಗಳು ಮಾತ್ರ.

ನವೆಂಬರಿನ ಒಂದು ಬೆಳಿಗ್ಗೆ ಮುಂಬಯಿಯಲ್ಲಿ ಟೆಸ್ಟ್ ಪಂದ್ಯವಿತ್ತು. ಇದ್ದಕ್ಕಿದ್ದಂತೆ ನಮ್ಮ ಪರದೆಯಲ್ಲಿ ಬೌಲರೊಬ್ಬ ಓಡಿಬಂದು ಕೈ ಎತ್ತಿದ. ಮತ್ತೆ ರವೆ.

"ವಾಯರ ಯಾರ ಮುಟ್ಟಿದ್ರಿ?" ಮಾವನವರು ಕೂಗಿದರು.

ಅತ್ತೆ ಅಡುಗೆಮನೆಯಿಂದಲೇ ಎರಡೂ ಕೈ ತೋರಿಸಿದರು. ಎರಡಕ್ಕೂ ಜೋಳದ ಹಿಟ್ಟು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆಯಾಗಿ ಬಂದು ವರ್ಷವಾಗಿದ್ದರೂ ಆ ಮನೆಯಲ್ಲಿ ನನ್ನ ವಿಜ್ಞಾನವನ್ನು ಯಾರೂ ಕೇಳಿರಲಿಲ್ಲ. ಉಲ್ಕೆ ಎಂದರೆ ತಿಳಿಯದೆಂದು ನಕ್ಷತ್ರಕ್ಕೆ ಚಿಕ್ಕಿ ಎನ್ನುವ ನಮ್ಮ ಕಡೆಯ ಮಾತಿನಲ್ಲೇ ಹೇಳಿದೆ: "ಮಾವಾರ, ಚಿಕ್ಕಿ ಬಿದ್ದಿರಬೇಕ್ರಿ."

"ಹಗಲಿನೊಳಗ ಚಿಕ್ಕಿ?"

"ಹಗಲೂ ಬೀಳ್ತಾವ್ರಿ, ನಮಗ ಕಾಣಂಗಿಲ್ಲ. ಅರವತ್ತು ಮೈಲಿ ಮ್ಯಾಲೆ ಉರದು ಹೋಗ್ತಾವು. ಉರದ ದಾರಿಯೊಳಗ ಗಾಳಿ ಕಣದಿಂದ ಎಲೆಕ್ಟ್ರಾನ ಕಿತ್ತು ಬರ್ತಾವು. ಮುಂಬಯಿಂದ ಹೊಂಟ ತರಂಗ ಆ ಎಲೆಕ್ಟ್ರಾನಿನ ಗೆರಿಗಿ ಬಡದು ನಮ್ಮ ಮಾಳಗಿಗಿ ಇಳೀತಾವು. ಆ ಗೆರಿ ಚದರಿತಂದ್ರ ಚಿತ್ರಾನೂ ಹೋತು."

"ಚಿಕ್ಕಿ ಬೀಳೂದು ಒಳ್ಳೇದಲ್ಲವ್ವಾ," ಎಂದರು ಅತ್ತೆ. "ಇವರ ಟಿವಿ ಸಲುವಾಗಿ ಯಾರರೆ ಸಾಯಬೇಕೇನು?"

ಮಾವನವರು ಆಗಲೇ ಚಪ್ಪಲಿ ಮೆಟ್ಟಿದ್ದರು. ಹತ್ತು ಗಂಟೆಯ ಹೊತ್ತಿಗೆ ಓಣಿಯ ನೇಕಾರರೆಲ್ಲ ಮಗ್ಗ ಬಿಟ್ಟು ನಮ್ಮ ಪಡಸಾಲೆಯಲ್ಲಿದ್ದರು. ಹತ್ತು ನಿಮಿಷ ರವೆ ನೋಡಿದೆವು. ಬ್ಯಾಟು ಎತ್ತಿದವನೊಬ್ಬ ಮಿಂಚಿ ಮಾಯವಾದ. ಇನ್ನೂ ಐದು ನಿಮಿಷಕ್ಕೆ ಅಂಪೈರ್ ಬೆರಳೆತ್ತಿ ನಿಂತದ್ದು ಕಂಡಿತು. ಔಟಾದವನು ಯಾರೆಂದು ಜಗಳವೇ ಆಯಿತು. ಕೊನೆಗೆ ಪಕ್ಕದ ಮನೆಯ ಟ್ರಾನ್ಸಿಸ್ಟರ್ ತಂದು ಕೇಳಬೇಕಾಯಿತು.

ಮಧ್ಯಾಹ್ನ ಆಟಗಾರರು ಊಟಕ್ಕೆ ಹೋದರೆಂದು ರೇಡಿಯೋ ಹೇಳಿತು. ಜನ ಏಳುವಷ್ಟರಲ್ಲಿ ಚಿತ್ರ ಬಂತು, ನಿಂತೇ ಬಿಟ್ಟಿತು. ಖಾಲಿ ಮೈದಾನ, ಪಿಚ್ಚಿನ ಮೇಲೆ ಇಬ್ಬರು ಕಸ ಗುಡಿಸುತ್ತಿದ್ದರು. ಪೂರ್ತಿ ಅರ್ಧ ನಿಮಿಷ! ಏಳಹೊರಟವರೆಲ್ಲ ಮತ್ತೆ ಕೂತರು.

"ಎಷ್ಟ ಸಾಫ್ ಕಸಾ ಹೊಡೀತಾರ ನೋಡ್ರಿ," ಎಂದರು ಹಿರಿಯ ನೇಕಾರರೊಬ್ಬರು.

ಮಾವನವರು ನನ್ನತ್ತ ತಿರುಗಿದರು. "ಭಾರಿ ದೊಡ್ಡ ಚಿಕ್ಕಿನ ಬಿತ್ತು ಬಿಡವಾ ತಂಗಿ!"

ನನಗೆ ಕಣ್ಣು ತುಂಬಿತು, ನಗುವೂ ಬಂತು. ಸಂಜೆ ಅವರೇ ಕನ್ನಡಕ ಹಾಕಿಕೊಂಡು ಬಂದು ಕೂತರು. "ಎಲೆಕ್ಟ್ರಾನ ಅಂದ್ಯಲ್ಲ, ಇನ್ನೊಮ್ಮೆ ಹೇಳು."

ಕಲಿತದ್ದನ್ನು ಮರುದಿನ ಪೇಟೆಯಲ್ಲೆಲ್ಲ ಕಲಿಸಿ ಬಂದರು. ಅದು ಬಾಯಿಂದ ಬಾಯಿಗೆ ಹೋಗಿ ಏನಾಯಿತೋ, ವಾರದ ಮೇಲೆ ನಳದ ಹತ್ತಿರ ಒಬ್ಬಾಕೆ ಕೊಡ ಇಳಿಸಿ ನನ್ನನ್ನು ತಡೆದಳು.

"ಅಕ್ಕೋರ, ಐತವಾರ ನಮ್ಮನಿಗಿ ಬೀಗರು ಬರಾವ್ರದಾರ, ನಿಮ್ಮ ಟಿವಿ ನೋಡಬೇಕಂತಾರ. ಅವತ್ತ ಒಂದೆರಡು ಚಿಕ್ಕಿ ಕೆಡವತೀರೇನ್ರಿ?"