ಅಶೋಕವನದ ಪಟ

ಗಂಗಾವತಿಯ ಸಂತೆಯ ಬಯಲಿನಲ್ಲಿ ಬೇವಿನ ಮರದ ಕೆಳಗೆ ಕುಳಿತು ಓಬಳೆಪ್ಪ ಗಿಣಿಶಾಸ್ತ್ರ ಹೇಳುತ್ತಿದ್ದ. ಅವನ ಮುಂದೆ ಒಂದು ಗೋಣಿತಟ್ಟು, ತಟ್ಟಿನ ಮೇಲೆ ಬಿದಿರಿನ ಪಂಜರ, ಪಂಜರದ ಬಾಗಿಲಿಗೆ ಎದುರಾಗಿ ಸಾಲಾಗಿ ಜೋಡಿಸಿದ ಇಪ್ಪತ್ತೇಳು ಪಟಗಳು. ಕೇಳಲು ಬಂದವರು ತಮ್ಮ ಹೆಸರು ಹೇಳಿದೊಡನೆ ಗಿಣಿ ಹೊರಗೆ ಬರುತ್ತಿತ್ತು. ಕೊಕ್ಕಿನಿಂದ ಒಂದೊಂದೇ ಪಟವನ್ನು ಎತ್ತಿ ಬದಿಗೆ ಚೆಲ್ಲಿ, ಕೊನೆಗೆ ಒಂದನ್ನು ಕಚ್ಚಿಕೊಂಡು ಅವನ ಕೈಗೆ ಕೊಡುತ್ತಿತ್ತು. ಅದಕ್ಕೆ ಕೂಲಿ ನಾಲ್ಕು ಕಾಳು ನವಣೆ. ಪಟದಲ್ಲಿ ಯಾವ ಚಿತ್ರವಿದೆಯೋ ಅದೇ ಕೇಳಿದವರ ಹಣೆಯ ಬರಹ.

ಆ ಪಟಗಳು ಅವನ ತಂದೆಯ ಕಾಲದವು. ಕಿನ್ನಾಳದ ಚಿತ್ರಗಾರರೊಬ್ಬರು ಬರೆದುಕೊಟ್ಟಿದ್ದರು. ಹಿಂಬದಿಗೆ ಬಟ್ಟೆಯಿಟ್ಟು ಹುಣಸೆ ಬೀಜದ ಅಂಟಿನಿಂದ ಅಂಟಿಸಿದ್ದರು. ಓಬಳೆಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಒಂದೊಂದು ಪಟಕ್ಕೆ ಒಂದೊಂದು ಮಾತನ್ನು ತಂದೆ ಬಾಯಿಪಾಠ ಮಾಡಿಸಿದ್ದ. ಜೊತೆಗೆ ಒಂದು ಕಟ್ಟಳೆಯನ್ನೂ ಹಾಕಿದ್ದ: ಗಿಣಿ ತೆಗೆದ ಪಟವನ್ನು ಹಿಂದಕ್ಕೆ ಇಡಕೂಡದು, ಪಟದ ಮಾತಿಗೆ ತನ್ನ ಮಾತನ್ನು ಬೆರೆಸಕೂಡದು. ಓಬಳೆಪ್ಪ ಇದನ್ನು ನೇಮದಂತೆ ನಡೆಸಿಕೊಂಡು ಬಂದ. ಶನಿಯ ಪಟ ಬಂದ ಸಾಹುಕಾರರಿಗೂ ಇದ್ದದ್ದನ್ನೇ ಹೇಳಿದ. ತನ್ನ ಹೆಂಡತಿಗೂ ಇದ್ದದ್ದನ್ನೇ ಹೇಳಿ ಎರಡು ದಿನ ಬಿಸಿ ರೊಟ್ಟಿ ಕಾಣದೆ ಇದ್ದ.

ಇಪ್ಪತ್ತೇಳರಲ್ಲಿ ಒಂದು ಅಶೋಕವನದ ಪಟ. ಮರದ ಬುಡದಲ್ಲಿ ಸೀತೆ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಾಳೆ. ಸುತ್ತಲೂ ಐದು ಜನ ರಾಕ್ಷಸಿಯರು ನಿಂತಿದ್ದಾರೆ. ನಾನು ಹೇಳಹೊರಟಿರುವುದು ಈ ಒಂದು ಪಟದ ಸಂಗತಿ.

ನಾನು ಆಗ ಗಂಗಾವತಿಯ ಶಾಲೆಗೆ ಮಾಸ್ತರನಾಗಿ ಹೊಸದಾಗಿ ಬಂದಿದ್ದೆ. ನಮ್ಮ ಪಕ್ಕದ ಓಣಿಯಲ್ಲಿ ಹುಲಿಗವ್ವ ಎಂಬ ಮುದುಕಿ ತನ್ನ ಸೊಸೆ ಪಕ್ಕೀರವ್ವನೊಡನೆ ಇದ್ದಳು. ಹುಲಿಗವ್ವನ ಮಗ ದುರಗಪ್ಪ ಮದುವೆಯಾದ ಮರುವರ್ಷವೇ, ೧೯೩೮ರಲ್ಲಿ, ಸೊಲ್ಲಾಪುರದ ಗಿರಣಿಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಪಕ್ಕೀರವ್ವ ಹೇಳಿಸಿದಂತೆ ಅವನಿಗೆ ಎರಡು ಕಾಗದ ಬರೆದವನು ನಾನೇ. ಎರಡೂ ಅಂಚೆಯಲ್ಲಿ ಹಿಂದಿರುಗಿ ಬಂದವು. ಹಗಲೆಲ್ಲ ಅವಳು ಗದ್ದೆಯಲ್ಲಿ ನಾಟಿ ಮಾಡಿ, ಸಂಜೆ ಬಂದು ಭತ್ತ ಕುಟ್ಟಿ, ಅತ್ತೆಯ ಕಾಲೊತ್ತಿ ಮಲಗುವಳು. ಸಂತೆಗೆ ಹೋಗಬೇಕಾದರೂ ಅತ್ತೆಯ ಬೆನ್ನ ಹಿಂದೆಯೇ ಹೋಗಬೇಕು. ತವರೂರಾದ ನವಲಿಗೆ ಹಬ್ಬಕ್ಕೂ ಕಳಿಸುತ್ತಿರಲಿಲ್ಲ.

ಅವರ ಜನದಲ್ಲಿ ಇದಕ್ಕೊಂದು ದಾರಿಯಿತ್ತು. ಗಂಡ ಮೂರು ವರ್ಷ ಸುದ್ದಿಯಿಲ್ಲದೆ ಹೋದರೆ ಹಿರಿಯರು ಕೂಡಿ ಹೆಂಗಸನ್ನು ಆ ಮನೆಯಿಂದ ಬಿಡಿಸಬಹುದಾಗಿತ್ತು. ಅವಳು ತವರಿಗೆ ಹೋಗಬಹುದು. ಮನಸ್ಸಿದ್ದರೆ ಇನ್ನೊಬ್ಬನು ತಂದ ಹೊಸ ಸೀರೆ ಉಟ್ಟು ಉಡಿಕೆ, ಎಂದರೆ ಮರುಮದುವೆ, ಆಗಬಹುದು. ಹಿರಿಯರ ಈ ಕೂಟಕ್ಕೆ ದೈವ ಎನ್ನುತ್ತಿದ್ದರು. ನವಲಿಯಲ್ಲಿ ಅವರದೇ ಜನದ ವಿಧುರನೊಬ್ಬ ಪಕ್ಕೀರವ್ವನನ್ನು ಉಡಿಕೆ ಮಾಡಿಕೊಳ್ಳಲು ಸಿದ್ಧನಾಗಿದ್ದ. ೧೯೪೨ರ ಬೇಸಿಗೆಯಲ್ಲಿ ಅವಳು ದೈವದ ಮುಂದೆ ನಿಂತು ಬಿಡುಗಡೆ ಕೇಳಿದಳು.

ದೈವದ ಯಜಮಾನ ಹನುಮಣ್ಣ ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಅವನು ತಲೆ ಕೆರೆದುಕೊಂಡು ಹೇಳಿದ:

“ಗಂಡ ಸತ್ತಾನೋ ಬದುಕ್ಯಾನೋ ನಮಗ ಹ್ಯಾಂಗ ಗೊತ್ತಾಗಬೇಕು? ನಾಳೆ ಬಂದು ಕುತ್ತಿಗಿ ಹಿಡದ್ರ ಏನ ಮಾಡೂದು? ಗಿಣಿ ಕೇಳೋಣು. ಗಿಣಿ ಅಂದದ್ದ ಫೈಸಲಾ.”

ಹನುಮಪ್ಪನ ಗುಡಿಯ ಕಟ್ಟೆಗೆ ಓಬಳೆಪ್ಪನನ್ನು ಕರೆಸಿದರು. ಪಕ್ಕೀರವ್ವ ತನ್ನ ಹೆಸರು ಹೇಳಿದಳು. ಗಿಣಿ ಅಶೋಕವನದ ಪಟವನ್ನು ತೆಗೆಯಿತು. ಓಬಳೆಪ್ಪ ತಂದೆ ಕಲಿಸಿದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದ:

“ಸೀತವ್ವನ ಪಟ ಬಂತು ತಾಯಿ. ಬಂಧನ ಐತಿ. ಹೆಜ್ಜಿ ಹೊರಗ ಇಡಬ್ಯಾಡ. ನಿನ್ನ ರಾಮ ಜೀವಂತ ಅದಾನ, ಬರತಾನ. ಬರೂತನಕ ಕಾಯಿ.”

“ಕೇಳಿದ್ರೇನ್ರಿ! ನನ್ನ ಮಗ ಜೀವಂತ ಅದಾನಂತ!” ಎಂದು ಹುಲಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅದು ನಾಟಕವಲ್ಲ. ಸೊಸೆಯನ್ನು ಬಿಟ್ಟುಕೊಟ್ಟರೆ ಮಗ ಸತ್ತನೆಂದು ತಾನೇ ಒಪ್ಪಿದಂತೆ ಎಂದು ಅವಳ ಹೆದರಿಕೆ. ಪಕ್ಕೀರವ್ವ ಪಟವನ್ನೂ ನೋಡದೆ, ಯಾರನ್ನೂ ನೋಡದೆ, ಅತ್ತೆಯ ಹಿಂದೆ ಮನೆಗೆ ನಡೆದಳು.

ಮರುವರ್ಷ ಬೇಸಿಗೆಯಲ್ಲಿ ಮತ್ತೆ ದೈವ ಕೂಡಿತು, ಮತ್ತೆ ಗಿಣಿ ಬಂತು, ಮತ್ತೆ ಅದೇ ಪಟ. ಓಬಳೆಪ್ಪನ ಬಾಯಿಂದ ಅದೇ ಮಾತು. ಈ ಸಲ ಮಾತ್ರ ಅವನ ಧ್ವನಿ ಸ್ವಲ್ಪ ತಗ್ಗಿತ್ತು. ಹನುಮಣ್ಣ, “ಇನ್ನೊಂದ ಸಲ ನೋಡಿಬಿಡೋಣು. ಮೂರನೇದು ಕಡೀದು. ಆಮ್ಯಾಲ ಯಾರೂ ತಕರಾರ ತಗೀಬಾರದು” ಎಂದ. ಹೀಗೆ ಇನ್ನೊಂದು ವರ್ಷ ಅವಳ ಮೇಲೆ ಬಾಗಿಲು ಮುಚ್ಚಿತು.

ಬೇವಿನ ಮರದ ಕೆಳಗೆ ಓಬಳೆಪ್ಪನ ಪಕ್ಕದಲ್ಲಿ ಬಳೆ ಮಾರುತ್ತಿದ್ದವಳು ದಾವಲಬೀ. ಬಾಯಿ ಸುಮ್ಮನಿರದ ಹೆಂಗಸು. ಆ ಎರಡು ವರ್ಷ ಅಶೋಕವನದ ಪಟ ಪಕ್ಕೀರವ್ವನಿಗೆ ಮಾತ್ರವಲ್ಲ, ಸಂತೆಯಲ್ಲಿ ಹತ್ತು ಜನ ಕೇಳಿದರೆ ಏಳು ಜನಕ್ಕೆ ಬರುತ್ತಿತ್ತು. ಯುದ್ಧದ ಕಾಲ, ಕಾಳುಕಡಿ ಸಿಗದ ಕಾಲ. ಊರಿಗೆ ಊರೇ ಬಂಧನದಲ್ಲಿದೆ, ಪಟ ಅದನ್ನೇ ಹೇಳುತ್ತಿದೆ ಎಂದು ಓಬಳೆಪ್ಪ ತಿಳಿದಿದ್ದ.

೧೯೪೪ರ ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ಗಿರಾಕಿಗಳಿರಲಿಲ್ಲ.

“ಏ ಓಬಳ್ಯಾ, ನಿನ್ನ ಗಿಣಿ ಸೀತವ್ವನ್ನ ನೆಕ್ಕಾಕ ಹತ್ತೈತಿ ನೋಡೋ,” ಎಂದಳು ದಾವಲಬೀ.

“ನಿನಗ ಎಲ್ಲಾ ನಗೀನ ಚಾಚೀ.”

“ಅಲ್ಲೋ, ಖರೇನ. ನನಗ ಕಣ್ಣ ಅದಾವು. ನಿನಗ ಇದ್ರ ನೋಡು.”

ಓಬಳೆಪ್ಪ ಪಟವನ್ನು ತಿರುಗಿಸಿ ನೋಡಿದ. ಅಂಚಿನ ಬಟ್ಟೆಯನ್ನು ಗಿಣಿ ಕುಕ್ಕಿ ಕುಕ್ಕಿ ಹಲ್ಲು ಹಲ್ಲು ಮಾಡಿತ್ತು. ಅಲ್ಲಿ ಒಣಗಿದ ಗಂಜಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಆಗ ಅವನಿಗೆ ನೆನಪಾಯಿತು. ಮೂರು ವರ್ಷದ ಹಿಂದೆ ಮಳೆಯಲ್ಲಿ ತೊಯ್ದು ಈ ಒಂದು ಪಟದ ಬಟ್ಟೆ ಬಿಚ್ಚಿಕೊಂಡಿತ್ತು. ಹುಣಸೆ ಬೀಜ ನೆನೆಹಾಕಿ, ಅರೆದು, ಕಾಸಿ ಅಂಟು ಮಾಡಲು ಬೇಸರಪಟ್ಟು, ದಾವಲಬೀಯ ಬುತ್ತಿಯಲ್ಲಿದ್ದ ಅಕ್ಕಿ ಗಂಜಿಯನ್ನೇ ಹಚ್ಚಿ ಒತ್ತಿದ್ದ. ಗಂಜಿ ನಿಲ್ಲದೆ ಮತ್ತೆ ಮತ್ತೆ ಬಿಚ್ಚುತ್ತಿತ್ತು. ಅವನು ಮತ್ತೆ ಮತ್ತೆ ಹಚ್ಚುತ್ತಿದ್ದ.

ಅನುಮಾನ ಉಳಿಯಬಾರದೆಂದು ಶನಿಯ ಪಟದ ಅಂಚಿಗೆ ಒಂದು ಬೆರಳು ಗಂಜಿ ಸವರಿದ. ಗಿಣಿ ಶನಿಯನ್ನು ತಂದಿತು. ಲಕ್ಷ್ಮಿಗೆ ಸವರಿದ. ಲಕ್ಷ್ಮಿಯನ್ನು ತಂದಿತು. ಓಬಳೆಪ್ಪ ಪಟಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕಿದ.

“ಆ ಹುಡುಗಿ ಎರಡ ವರ್ಷ ನನ್ನ ಗಂಜಿಗೆ ಕುಂತಾಳ ಚಾಚೀ.”

“ನಿನ್ನ ಗಂಜಿ ಎಲ್ಲೀದು? ನನ್ನ ಗಂಜಿ,” ಎಂದಳು ದಾವಲಬೀ. ಅವನ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು. “ಇದಕ್ಕ್ಯಾಕ ಇಷ್ಟ ಚಿಂತಿ? ಈ ಸಲ ಬ್ಯಾರೆ ಛಲೋ ಪಟ ನೋಡಿ ಅದಕ್ಕ ಹಚ್ಚು. ಹುಡುಗಿ ಬಿಡುಗಡಿ ಆಗತಾಳ. ಯಾರಿಗೆ ಗೊತ್ತಾಗತೈತಿ?”

“ಗೊತ್ತಿಲ್ದ ಮಾಡಿದ್ದು ತಪ್ಪು. ಗೊತ್ತಿದ್ದು ಮಾಡಿದ್ರ ಕಳ್ಳತನ. ನಮ್ಮಪ್ಪ ನನಗ ಕಳ್ಳತನ ಕಲಿಸಿಲ್ಲ.”

“ಹಂಗಾರ ಎಲ್ಲಾರ ಮುಂದ ಹೇಳು.”

“ಹೇಳಿದ್ರ ನನ್ನ ಹೊಟ್ಟಿ ಹೋಗತೈತಿ.”

“ಹೇಳದಿದ್ರ ಅಕೀದು ಹೋಗತೈತಿ. ನೋಡು ಯಾರ ಹೊಟ್ಟಿ ದೊಡ್ಡದು.”

ಆಮೇಲಿನ ಹದಿನೈದು ದಿನ ಅವನು ಹೇಗೆ ಕಳೆದನೆಂಬುದನ್ನು ನನಗೆ ಅವನೇ ಹೇಳಿದ್ದಾನೆ. ಊರು ಬಿಟ್ಟು ಹೋಗೋಣವೆಂದರೆ ಬೇರೆ ಕಸುಬು ತಿಳಿಯದು. ಎಲ್ಲಿಗೆ ಹೋದರೂ ಈ ಗಿಣಿ, ಈ ಪಟಗಳು ಬೆನ್ನಿಗೆ.

ಮೂರನೆಯ ಸಲ ದೈವ ಕೂಡಿದ ದಿನ ಬೆಳಿಗ್ಗೆ ನಾನೂ ಗುಡಿಯ ಕಟ್ಟೆಗೆ ಹೋಗಿದ್ದೆ. ಹಿಂದಿರುಗಿ ಬಂದ ಕಾಗದಗಳನ್ನು ತೋರಿಸಲು ಹನುಮಣ್ಣ ಹೇಳಿ ಕಳಿಸಿದ್ದ. ಓಬಳೆಪ್ಪ ಬಂದ. ಪಟಗಳನ್ನು ಜೋಡಿಸಲಿಲ್ಲ, ಪಂಜರದ ಬಾಗಿಲನ್ನು ತೆಗೆಯಲಿಲ್ಲ. ನಿಂತುಕೊಂಡೇ ಗಂಜಿಯ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, “ಗಿಣಿ ಹಸಿವಿಗೆ ತಗದೈತ್ರಿ, ಶಾಸ್ತ್ರಕ್ಕಲ್ಲ. ಎರಡೂ ಸಲದ್ದು ಸುಳ್ಳು” ಎಂದ.

ಮೊದಲು ಎಲ್ಲರೂ ನಕ್ಕರು. ಒಬ್ಬನು, “ಹಂಗಾರ ನನಗ ಎಮ್ಮಿ ಸಿಗತೈತಿ ಅಂದದ್ದು ಯಾರ ಗಂಜೀಲೆ?” ಎಂದ. ನಗು ನಿಂತಾಗ ಹುಲಿಗವ್ವನ ಧ್ವನಿ ಕೇಳಿಸಿತು.

“ಗಂಜಿ ಹಚ್ಚಿದಾವ ನೀನು. ಹಚ್ಚಿಸಿದಾವ ಯಾರು?”

ಹನುಮಣ್ಣನಿಗೆ ಇದು ಸರಿಯೆನಿಸಿತು. “ಖರೆ ಐತಿ ನೋಡ್ರಿ. ಇಪ್ಪತ್ತೇಳು ಪಟ ಇದ್ವು. ಮಳ್ಯಾಗ ಅದೊಂದ ಯಾಕ ತೋಯಬೇಕಿತ್ತು? ಅದೂ ದೇವರ ಆಟನ. ಮುಗೀತು. ಪಟ ಸೀತವ್ವಂದು. ಅಕಿ ಇಲ್ಲೇ ಇರಲಿ.”

ತಲೆಗಳು ಒಪ್ಪಿಗೆಯಿಂದ ಆಡಿದವು. ಪಕ್ಕೀರವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಮೆಲ್ಲಗೆ ನೆಲಕ್ಕೆ ಕುಳಿತಳು. ನಿಜವನ್ನು ಹೇಳಿದರೂ ಬಾಗಿಲು ತೆರೆಯಲಿಲ್ಲ. ಓಬಳೆಪ್ಪ ಚೀಲದಿಂದ ಆ ಪಟವನ್ನು ತೆಗೆದು ಬಹಳ ಹೊತ್ತು ನೋಡಿದ. ಆ ಪಟವನ್ನು ಅವನು ಸಾವಿರ ಸಲ ಕೈಯಲ್ಲಿ ಹಿಡಿದಿದ್ದ. ಮಾತು ಬಾಯಿಗೆ ಬರುತ್ತಿದ್ದುದರಿಂದ ಕಣ್ಣಿಟ್ಟು ನೋಡಿರಲಿಲ್ಲ.

“ಆತ್ರಿ ಯಜಮಾನ್ರ, ಪಟ ಸೀತವ್ವಂದ. ನಾನೂ ಒಪ್ಪಿದೆ,” ಎಂದ. “ಒಂದ ಮಾತ ಹೇಳ್ರಿ. ಸೀತವ್ವ ಇಲ್ಲಿ ಯಾರ ಮನ್ಯಾಗ ಕುಂತಾಳ?”

“ಇದೇನ ಕೇಳ್ತಿ? ರಾವಣನ ತ್ವಾಟದಾಗ.”

“ಗಂಡನ ಮನಿ ಅಲ್ಲಲ್ರಿ?”

“ಅಲ್ಲ.”

“ಸುತ್ತ ನಿಂತಾವ್ರು ಯಾರ್ರೀ?”

“ರಾಕ್ಷಸಿಗೋಳು.”

“ಪಕ್ಕೀರವ್ವ ಸೀತವ್ವ ಆದ್ರ ಈ ಮನಿ ಗಂಡನ ಮನಿ ಹ್ಯಾಂಗ ಆಗತೈತ್ರಿ? ಲಂಕಾ ಆತು. ಲಂಕಾದಾಗ ಕುಂದ್ರು ಅಂತ ಯಾವ ದೇವರು ಹೇಳ್ಯಾನ?”

ಯಾರೂ ನಗಲಿಲ್ಲ. ಹುಲಿಗವ್ವ ಎದ್ದು ನಿಂತಳು. “ನಾ ರಾಕ್ಷಸಿ ಏನೋ? ಹೆತ್ತ ಮಗನ ಕಳಕೊಂಡಾಕಿ, ನಾ ರಾಕ್ಷಸಿ?”

“ನಿನ್ನ ಒಬ್ಬಾಕಿನ್ನ ಅನ್ನಲಿಲ್ಲವ್ವ. ಐದ ಮಂದಿ ಅದಾರ. ಕುಂತಾವ್ರೆಲ್ಲಾ ಹಂಚಿಕೊಳ್ಳೋಣು.” ಅವನ ಬೆರಳು ಪಟದ ತುದಿಯಲ್ಲಿ ನಿಂತ ರಾಕ್ಷಸಿಯ ಮೇಲಿತ್ತು. “ಇಕಿ ನಾನು.”

ಹುಲಿಗವ್ವ ಮತ್ತೆ ಕುಳಿತಳು. ಹನುಮಣ್ಣ ನನ್ನ ಕೈಯಲ್ಲಿದ್ದ ಎರಡು ಕಾಗದಗಳ ಕಡೆ ನೋಡಿದ, ಮುದುಕಿಯ ಕಡೆ ನೋಡಿದ. ಕೊನೆಗೆ ಎಲೆ ಅಡಿಕೆ ತರಿಸಿ ಪಕ್ಕೀರವ್ವನ ಉಡಿಗೆ ಹಾಕಿ, “ಹೋಗವ್ವ. ದೈವ ಬಿಟ್ಟೈತಿ” ಎಂದ.

ಅವಳಿಗೆ ಕಟ್ಟಿಕೊಳ್ಳಲು ಹೆಚ್ಚಿನದೇನೂ ಇರಲಿಲ್ಲ. ಮನೆಗೆ ಹೋಗಿ ಒಂದು ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಕಟ್ಟೆಯ ಮುಂದೆಯೇ ಬಂದಳು. ನವಲಿಯ ವಿಧುರ ಆ ವರ್ಷದ ಯುಗಾದಿಗೆ ಹುಲಿಹೈದರದ ಹೆಣ್ಣನ್ನು ಉಡಿಕೆ ಮಾಡಿಕೊಂಡಿದ್ದ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಓಬಳೆಪ್ಪನ ಎದುರಿಗೆ ಅವಳು ನಿಂತಳು.

“ಅಣ್ಣಾ, ಮೊದಲನೇ ಸಲ ಬಂದದ್ದೂ ಇದ ಪಟ ಅಲ್ಲ?”

“ಹೌದವ್ವ.”

“ಅವಾಗೂ ರಾಕ್ಷಸಿಗೋಳು ಅಲ್ಲೇ ನಿಂತಿದ್ರಲ್ಲ?”

ಅವಳು ಗಂಟನ್ನು ಸರಿಪಡಿಸಿಕೊಂಡು ನವಲಿಯ ದಾರಿ ಹಿಡಿದಳು.

ಗಂಗಾವತಿಯಲ್ಲಿ ಆಮೇಲೆ ಅವನ ಬಳಿಗೆ ಯಾರೂ ಹೋಗಲಿಲ್ಲ. ಕುಷ್ಟಗಿ, ಯಲಬುರ್ಗಾ ಸಂತೆಗಳಲ್ಲಿ ತಿರುಗತೊಡಗಿದ. ೧೯೪೭ರಲ್ಲಿ ನನಗೆ ಕುಷ್ಟಗಿಗೆ ವರ್ಗವಾದಾಗ ಅಲ್ಲಿ ಸಿಕ್ಕಿದ. ಎಲ್ಲ ಪಟಗಳಿಗೂ ಹುಣಸೆ ಬೀಜದ ಅಂಟು ಹಾಕಿ ಹೊಸದಾಗಿ ಬಟ್ಟೆ ಅಂಟಿಸಿದ್ದ. ನಾನು ನೋಡುತ್ತಿದ್ದಾಗಲೇ ಒಬ್ಬ ಹೆಂಗಸಿಗೆ ಅಶೋಕವನದ ಪಟ ಬಂತು. ಓಬಳೆಪ್ಪ ತಂದೆಯ ಮಾತನ್ನು ಹೇಳಲಿಲ್ಲ. ಪಟವನ್ನು ಅವಳ ಕೈಗೆ ಕೊಟ್ಟು, “ನೀನ ನೋಡವ್ವ. ಇದರಾಗ ನೀ ಯಾರು, ಹೇಳು” ಎಂದ.

“ನಿನಗ ಹೇಳಾಕ ಬರದಿದ್ರ ಯಾಕ ಕುಂತೀಯೋ?” ಎಂದು ಬೈದು ಅವಳು ಎದ್ದುಹೋದಳು. ಅವನು ಗೋಣಿತಟ್ಟಿನ ಮೇಲೆ ಬಿದ್ದ ಪಟವನ್ನು ಎತ್ತಿ, ಧೂಳು ಒರೆಸಿ, ಮತ್ತೆ ಸಾಲಿನಲ್ಲಿ ಇಟ್ಟ.