ಊದಿದರೆ ಹಾರುವ ಕೂದಲು

ಇನೋಬತ್ ಬುವಿಯ ಕೈಗೆ ತಲೆ ಕೊಟ್ಟ ಹುಡುಗಿ ಅಳುತ್ತಲೇ ಏಳುತ್ತಾಳೆ ಎಂಬುದು ಮರ್ಗಿಲಾನ್ ಪಟ್ಟಣದ ಆ ಮೊಹಲ್ಲಾದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ತಾಯಂದಿರು ಮಕ್ಕಳನ್ನು ಅಲ್ಲಿಗೇ ಎಳೆದು ತರುತ್ತಿದ್ದರು. ಕುಣಿಯುವ ಹುಡುಗಿಗೆ ನಲವತ್ತು ಸಣ್ಣ ಜಡೆ ಬೇಕೆಂದರೆ, ಮಕ್ಕಳೆಲ್ಲ ಬುವಿ, ಅಂದರೆ ಅಜ್ಜಿ, ಎಂದು ಕರೆಯುವ ಇನೋಬತ್ತೇ ಆಗಬೇಕು. ಆಕೆ ಹಾಕಿದ ಜಡೆ ಮಲಗಿ ಎದ್ದರೂ, ಹಗ್ಗದಾಟ ಆಡಿದರೂ ಸಡಿಲಾಗುತ್ತಿರಲಿಲ್ಲ. ಅಳುವ ಮಕ್ಕಳಿಗೆ ಆಕೆಯ ಉತ್ತರ ಒಂದೇ: ಅತ್ತರೆ ಕಣ್ಣು ತೊಳೆದಂತಾಗುತ್ತೆ, ಜಡೆ ಬಿಚ್ಚಿದರೆ ಮಾನ ಹೋಗುತ್ತೆ.

ಆ ಕೈ ಪಳಗಿದ್ದು ರೇಷ್ಮೆ ಕಾರ್ಖಾನೆಯಲ್ಲಿ. ಮದುವೆಗೆ ಮುಂಚೆಯೇ ಸೇರಿದ ಆಕೆ ಪಿಂಚಣಿ ಬರುವವರೆಗೂ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ಗೂಡಿನಿಂದ ನೂಲು ತೆಗೆದವಳು. ಬೆರಳ ತುದಿಗಳು ಬೆಂದು ಬಿಳಿಚಿಕೊಂಡು, ಕೆಲಸ ಬಿಟ್ಟ ಮೇಲೂ ಹಾಗೇ ಉಳಿದವು. ಹರೆಯದಲ್ಲಿ ಆಕೆಯ ಜಡೆ ಮೊಣಕಾಲಿಗೆ ಬರುತ್ತಿತ್ತಂತೆ. ಹೆಣ್ಣು ನೋಡಲು ಬಂದ ಅತ್ತೆ ಅಂಗಳದಲ್ಲಿ ಆಕೆಯ ಬೆನ್ನು ನೋಡಿಯೇ ಒಪ್ಪಿಬಿಟ್ಟರು, ಮುಖ ನೋಡಿದ್ದು ಚಹಾ ಕುಡಿಯುವಾಗ. ಈ ಕತೆಯನ್ನು ಇನೋಬತ್ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದಳು. ಹೆಣ್ಣಿನ ಕೂದಲೆಂದರೆ ಮನೆಯ ಅಂತಸ್ತು ಎಂದು ನಂಬಿದ ಕಾಲದವಳು.

ಇಂಥವಳಿಗೆ ಇದ್ದ ಒಬ್ಬಳೇ ಮೊಮ್ಮಗಳು ಮಹ್ಲಿಯೋ. ಅವಳ ಕೂದಲು ಗೂಡಿನ ಹೊರಮೈಗೆ ಅಂಟಿಕೊಂಡಿರುವ ಅರಳೆಯಂತಿತ್ತು, ನೂಲಿಗೆ ಬಾರದೆ ಕೆಲಸಗಾರರು ಮೊದಲೇ ಕಿತ್ತು ಎಸೆಯುವ ಅರಳೆಯಂತೆ. ಹಿಡಿದರೆ ಕೈಗೆ ಸಿಗದು, ಬಿಟ್ಟರೆ ನೆತ್ತಿಯ ಮೇಲೆ ನಿಲ್ಲದು. ಬುವಿ ತನಗೆ ತಿಳಿದಿದ್ದನ್ನೆಲ್ಲ ಮಾಡಿ ನೋಡಿದಳು. ದಟ್ಟವಾಗಿ ಬರಲೆಂದು, ನಾಲ್ಕು ತುಂಬುವವರೆಗೆ ವಸಂತ ಬಂದಾಗಲೆಲ್ಲ ಮಗುವಿನ ತಲೆ ಬೋಳಿಸಿದಳು. ಹುಳಿ ಮೊಸರು ಹಚ್ಚಿ ತೊಳೆದಳು, ಮೊಟ್ಟೆಯ ಹಳದಿ ಮೆತ್ತಿದಳು. ಹುಬ್ಬು ಕಪ್ಪಾಗಲೆಂದು ಹೆಂಗಸರು ಹಚ್ಚಿಕೊಳ್ಳುವ ಸೊಪ್ಪಿನ ರಸವನ್ನು ನೆತ್ತಿಗೆ ಉಜ್ಜಿದಳು. ರಸದ ಹಸಿರು ಬಹಳ ದಿನ ಹೋಗಲಿಲ್ಲ. ಕೂದಲು ಮಾತ್ರ ಹೇಗಿತ್ತೋ ಹಾಗೇ ಬಂತು. ಪಕ್ಕದ ಮನೆಯ ಸಲೋಮತ್ ಬೇಲಿಯ ಮೇಲಿಂದ ನೋಡಿ, ಅದು ತಾಯಿ ಕಡೆಯ ಕೂದಲು, ಮೊಸರಿಗೆ ಬಗ್ಗೋದಲ್ಲ ಎಂದಳು. ಸೊಸೆ ದಿಲ್ರಬೋ ತಲೆವಸ್ತ್ರವನ್ನು ಹಣೆಗೆ ಇನ್ನಷ್ಟು ಎಳೆದುಕೊಂಡು ಒಲೆಯ ಕಡೆ ಹೋದಳು. ಅತ್ತೆಯ ಎದುರು ಅವಳು ಮಾತಾಡುವುದೇ ಕಮ್ಮಿ.

ಶಾಲೆಗೆ ಸೇರಿದ ಮೊದಲ ಚಳಿಗಾಲದಲ್ಲಿ ಮಹ್ಲಿಯೋಗೆ ಅಡ್ಡಹೆಸರು ಬಿತ್ತು. ಉಣ್ಣೆಯ ಟೋಪಿ ತೆಗೆದ ಕೂಡಲೇ ಅವಳ ಕೂದಲು ಚಟಚಟ ಎಂದು ಎದ್ದು ನಿಲ್ಲುತ್ತಿತ್ತು. ಕಾಲುವೆಯ ದಡದಲ್ಲಿ ಹಳದಿ ಹೂ ಬಿಟ್ಟು, ಆಮೇಲೆ ಬಿಳಿ ಗುಂಡಾಗಿ, ಊದಿದರೆ ಚದುರಿ ಹಾರುವ ಗಿಡವೊಂದಿದೆ. ಸರ್ದೋರ್ ಎಂಬ ಹುಡುಗ ಆ ಹೂವಿನ ಹೆಸರಿಟ್ಟ. ಹೆಸರು ಕರೆಯುವುದೂ ಬೇಕಾಗಲಿಲ್ಲ. ಅವಳು ಹಾದುಹೋಗುವಾಗ ಮಕ್ಕಳು ಬಾಯಿ ಚೂಪು ಮಾಡಿ ‘ಫೂ’ ಎಂದು ಊದಿದರೆ ಸಾಕಾಗಿತ್ತು.

ಆದರೂ ಹುಡುಗಿ ಸೊರಗಲಿಲ್ಲ, ಕಾರಣ ಅವಳಿಗೆ ಕುಣಿತ ಇತ್ತು. ಒಂದೇ ಕಾಲಿನ ಮೇಲೆ ಗರಗರ ಸುತ್ತಿ, ತಾಳಕ್ಕೆ ಸರಿಯಾಗಿ ನಿಲ್ಲುವುದು ಆ ತರಗತಿಯಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ವಸಂತದ ಹೊಸ ವರ್ಷ ನವ್ರೂಜ್ ಹಬ್ಬದ ಕುಣಿತಕ್ಕೆ ಶಿಕ್ಷಕಿ ರಾನೋ ಅವಳನ್ನು ಮೊದಲ ಸಾಲಿನ ನಡುವೆ ನಿಲ್ಲಿಸಿದರು. ಕುಣಿತಕ್ಕೆ ಕಸೂತಿ ಟೋಪಿ ಬೇಕು, ಟೋಪಿಯ ಕೆಳಗೆ ನಲವತ್ತು ಜಡೆ ಬೇಕು.

ಇನೋಬತ್ ಬುವಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಊರಿನ ಮಕ್ಕಳಿಗೆಲ್ಲ ಜಡೆ ಹಾಕುವವಳ ಮೊಮ್ಮಗಳು ಇಲಿಬಾಲದಂಥ ಜಡೆಯಲ್ಲಿ ಕುಣಿಯುವುದೇ? ಪೆಟ್ಟಿಗೆಯ ತಳದಿಂದ ತನ್ನ ಮದುವೆಯ ಚೌರಿಗಳನ್ನು ತೆಗೆದಳು. ಕಪ್ಪು ರೇಷ್ಮೆಯ ಎಳೆಗಳು, ತುದಿಯಲ್ಲಿ ಬೆಳ್ಳಿ ಗುಂಡಿನ ಕುಚ್ಚು. ಬೆಳಗಿನ ಹೊತ್ತೆಲ್ಲ ಕೂತು ಮಗುವಿನ ಕೂದಲಿನ ಎಳೆಗಳಿಗೆ ಅವನ್ನು ಸೇರಿಸಿ ಬಿಗಿದು ಹೆಣೆದಳು. ಹುಡುಗಿಯ ಹುಬ್ಬು ಮೇಲಕ್ಕೆಳೆದು ಕಣ್ಣು ಓರೆಯಾಯಿತು. ನೋಯುತ್ತಿದೆಯಾ ಎಂದು ತಾಯಿ ಕೇಳಿದ್ದಕ್ಕೆ, ಇಲ್ಲ ಎಂದು ಮಹ್ಲಿಯೋ ಹಲ್ಲು ಕಚ್ಚಿ ಹೇಳಿದಳು. ಬೆನ್ನ ತುಂಬ ಜಡೆ ತೂಗುವುದು ಅವಳಿಗೂ ಬೇಕಾಗಿತ್ತು.

ಶಾಲೆಯ ಅಂಗಳದಲ್ಲಿ, ಸುಮಲಕ್ ಎಂಬ ಗೋಧಿ ಪಾಯಸ ಕುದಿಯುವ ದೊಡ್ಡ ಹಂಡೆಯ ಸುತ್ತ ಮೊಹಲ್ಲಾವೇ ನೆರೆದಿತ್ತು. ಕುಣಿತ ಚೆನ್ನಾಗೇ ಹೋಯಿತು, ಸುತ್ತುವ ಭಾಗ ಬರುವವರೆಗೆ. ಎರಡನೇ ಸುತ್ತಿಗೆ ಒಂದು ಚೌರಿ ಜಾರಿ ಹಾರಿ, ಡೋಲು ಬಾರಿಸುವವನ ತೊಡೆಯ ಮೇಲೆ ಬಿತ್ತು. ಆಮೇಲೆ ಮಿಕ್ಕವೂ ಒಂದೊಂದಾಗಿ ಉದುರಿದವು. ನುಣುಪು ಕೂದಲು, ನುಣುಪು ರೇಷ್ಮೆ, ಅದರ ತುದಿಗೆ ಬೆಳ್ಳಿಯ ಭಾರ: ಹಿಡಿದುಕೊಳ್ಳಲು ಏನಿತ್ತು? ಟೋಪಿಯೂ ಹೋಯಿತು. ಮಹ್ಲಿಯೋ ನಿಂತುಬಿಟ್ಟಳು. ದೊಡ್ಡವರು ನಗು ತಡೆದುಕೊಂಡರು, ಮಕ್ಕಳು ತಡೆದುಕೊಳ್ಳಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಉದ್ದಕ್ಕೆ ಊದಿದರು.

ಮರುದಿನದಿಂದ ಹುಡುಗಿ ತಲೆವಸ್ತ್ರ ಕಟ್ಟಿಕೊಂಡು ಶಾಲೆಗೆ ಹೋದಳು. ಒಳಗೆ ತೆಗೆಯಬೇಕೆಂದು ಶಿಕ್ಷಕಿ ಹೇಳಿದರೆ ಡೆಸ್ಕಿನ ಮೇಲೆ ತಲೆಯಿಟ್ಟು ಏಳಲೇ ಇಲ್ಲ. ಕುಣಿತದ ಅಭ್ಯಾಸಕ್ಕೆ ಹೋಗುವುದನ್ನೂ ಬಿಟ್ಟಳು. ಮೇ ತಿಂಗಳಲ್ಲಿ ಒಂದನೇ ತರಗತಿಯ ಮಕ್ಕಳು ಅಕ್ಷರ ಕಲಿತು ಮುಗಿಸಿದ್ದಕ್ಕೆ ಹಬ್ಬ ಮಾಡುತ್ತಾರೆ. ಅಲ್ಲಿಯೂ ನಡುವಿನ ಜಾಗ ಅವಳದ್ದೇ. ಈ ವಾರವೂ ಬರದಿದ್ದರೆ ಆ ಜಾಗವನ್ನು ಅದೇ ತರಗತಿಯ ಹಲೀಮಾಗೆ ಕೊಡಬೇಕಾಗುತ್ತದೆ ಎಂದು ರಾನೋ ಹೇಳಿ ಕಳಿಸಿದರು. ಶಿಕ್ಷಕಿ ಕೆಟ್ಟವರಲ್ಲ, ಆದರೆ ಸಾಲಿನ ನಡುವೆ ತೂತು ಬಿಟ್ಟು ಕುಣಿಸಲಾಗದು.

ಅದು ತಿಳಿದ ದಿನ ಮಹ್ಲಿಯೋ ಬಟ್ಟಲಿನಲ್ಲಿ ನೀರು, ಸೋಪು, ತೀರಿಹೋದ ಅಜ್ಜನ ಕ್ಷೌರದ ಕತ್ತಿ ತಂದು ಅಂಗಳದ ಕಟ್ಟೆಯ ಮೇಲಿಟ್ಟು, ಬುವಿಯ ಮುಂದೆ ಬೆನ್ನು ಹಾಕಿ ಕೂತಳು.

“ಬೋಳಿಸಿಬಿಡಿ, ಬುವಿ.”

“ಹಬ್ಬ ಬಂತು, ಈಗ ಬೋಳಿಸಿದರೆ ಕುಣಿಯೋದು ಹೇಗೆ?”

“ಕುಣಿಯಲ್ಲ. ತಲೇಲಿ ಕೂದಲೇ ಇಲ್ಲದಿದ್ರೆ ಏನನ್ನ ಊದ್ತಾರೆ?”

ಬೋಳಿಸುವುದು ಬೇಡ, ಈ ಸಲ ಚೌರಿಯನ್ನು ದಾರ ಹಾಕಿ ಹೊಲಿದೇಬಿಡುತ್ತೇನೆ, ಅದು ಹೇಗೆ ಜಾರುತ್ತದೋ ನೋಡೋಣ ಎನ್ನುತ್ತ ಇನೋಬತ್ ಎದ್ದಳು. ಬಾಚಣಿಗೆ ಹಿಡಿದುಕೊಂಡೇ ಹೋಗಿ ಬೀದಿಯ ಬಾಗಿಲು ಹಾಕಿದಳು.

“ಅದನ್ಯಾಕೆ ಮುಚ್ತೀರಿ?”

“ಗಾಳಿ ಬರುತ್ತೆ.”

“ಹಲೀಮಾಗೆ ಜಡೆ ಹಾಕುವಾಗ ಗಾಳಿ ಬರಲ್ವಾ?”

ಇನೋಬತ್ ಬಾಗಿಲ ಬಳಿಯೇ ನಿಂತಳು. ಪರರ ಮಕ್ಕಳಿಗೆ ಜಡೆ ಹಾಕುವಾಗ ಬಾಗಿಲು ತೆರೆದಿರುತ್ತಿತ್ತು. ಹೋಗಿಬರುವವರು ನಿಂತು ನೋಡಿ ನಾಲ್ಕು ಮಾತಾಡುತ್ತಿದ್ದರು, ಅದು ಆಕೆಗೆ ಹಿತವಾಗಿತ್ತು. ಮೊಮ್ಮಗಳ ತಲೆಗೆ ಕೈ ಹಚ್ಚುವ ಮುಂಚೆ ಬಾಗಿಲು ಹಾಕುವುದು ಯಾವಾಗ ಅಭ್ಯಾಸವಾಯಿತೋ ಆಕೆಗೇ ತಿಳಿಯದು. ಮಗುವಿಗೆ ತಿಳಿದಿತ್ತು. ಊರಿನ ಮಕ್ಕಳು ಊದುವುದಕ್ಕೆ ಮುಂಚೆಯೇ ಈ ಮನೆಯಲ್ಲಿ ಅವಳ ಕೂದಲು ಬಚ್ಚಿಡುವ ವಸ್ತುವಾಗಿತ್ತು.

ಕ್ಷಮೆ ಕೇಳುವ ಪೈಕಿಯ ಹೆಂಗಸಲ್ಲ ಇನೋಬತ್. ಬಾಗಿಲಿನ ಎರಡೂ ಕದ ತೆರೆದು, ಗಾಳಿಗೆ ಬಡಿಯದ ಹಾಗೆ ಕಲ್ಲು ಒತ್ತಿಟ್ಟು ಬಂದು ಕೂತಳು. ಕತ್ತಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡಳು. ಬೆರಳನ್ನು ನೀರಿಗೆ ಅದ್ದಿ, ಒಂದು ಎಳೆ ಕೂದಲನ್ನು ಹಿಡಿದು ಬೆಳಕಿಗೆ ನೋಡಿದಳು.

ಕಾರ್ಖಾನೆಗೆ ಹೊಸದಾಗಿ ಬಂದ ಎಷ್ಟು ಹುಡುಗಿಯರಿಗೆ ಆಕೆ ಕೆಲಸ ಕಲಿಸಿರಲಿಲ್ಲ! ಎಳೆ ತುಂಡಾದರೆ ಗೂಡನ್ನು ಬೈಯಬೇಡ, ನಿನ್ನ ಕೈ ನೋಡಿಕೋ. ಒಣಗಿದ್ದನ್ನು ಎಳೆಯಬೇಡ. ಸಣ್ಣ ಎಳೆಗೆ ಭಾರ ಕಟ್ಟಬೇಡ. ಬೆಂದ ಬೆರಳಿಗೆ ಅದೆಲ್ಲ ಬಾಯಿಪಾಠ. ಮನೆಯ ಅಂಗಳಕ್ಕೆ ಬಂದ ಮೇಲೆ ಆ ಬೆರಳು ನೂಲನ್ನು ಮರೆತು, ಸಲೋಮತ್ ಏನಂದಾಳು ಎಂಬುದನ್ನಷ್ಟೇ ನೆನಪಿಟ್ಟುಕೊಂಡಿತ್ತು.

ಒಲೆಯ ಬಳಿಯಿದ್ದ ಸೊಸೆಯನ್ನು ಕರೆದು, “ನಿನ್ನ ಕೂದಲೂ ಇಂಥದ್ದೇ. ನೀನೇನು ಮಾಡ್ತೀಯ ಅದನ್ನ?” ಎಂದಳು. ಸೊಸೆ ಮನೆಗೆ ಬಂದು ಎಂಟು ವರ್ಷವಾಗಿತ್ತು, ಈ ಪ್ರಶ್ನೆ ಬಂದದ್ದು ಇದೇ ಮೊದಲು.

ದಿಲ್ರಬೋ ಕೈಯೊರೆಸಿಕೊಂಡು ಬಂದು ಎದುರು ನಿಂತಳು. ಆಮೇಲೆ ತಲೆವಸ್ತ್ರದ ಗಂಟು ಬಿಚ್ಚಿ ತೆಗೆದಳು. ಕೂದಲನ್ನು ಕಿವಿಯ ಕೆಳಗೆ ಅಚ್ಚುಕಟ್ಟಾಗಿ ಕತ್ತರಿಸಲಾಗಿತ್ತು.

“ಕತ್ತರಿಸಿಕೊಳ್ತೀನಿ, ಅತ್ತೆ.”

“ಯಾವಾಗಿಂದ?”

“ಮದುವೆಯಾಗಿ ಬಂದ ವರ್ಷದಿಂದ.”

ಇನೋಬತ್ ಸೊಸೆಯ ಗಲ್ಲ ತಿರುಗಿಸಿ ಕತ್ತರಿಸಿದ ಅಂಚು ನೋಡಿದಳು. “ಯಾರ ಕೈಲಿ?”

“ಸಲೋಮತ್ ಅಕ್ಕನ ಮಗಳ ಕೈಲಿ, ಬಜಾರಿನ ಅಂಗಡೀಲಿ. ಅವಳು ಯಾರಿಗೂ ಹೇಳಿಲ್ಲ.”

“ಆ ಮನೇಲಿ ಬಾಯಿ ಮುಚ್ಚಿಕೊಂಡಿರೋರೂ ಒಬ್ಬರಿದ್ದಾರೆ ಅನ್ನು” ಎಂದಳು ಅತ್ತೆ. ಮಹ್ಲಿಯೋ ಕಿಸಕ್ಕನೆ ನಕ್ಕಳು. ನವ್ರೂಜ್ ಆದ ಮೇಲೆ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮರುದಿನ ಮೂವರೂ ಬಜಾರಿಗೆ ಹೋದರು. ಮಹ್ಲಿಯೋಳ ಕೂದಲನ್ನು ಗಲ್ಲದ ಮಟ್ಟಕ್ಕೆ ನೇರವಾಗಿ ಕತ್ತರಿಸಲಾಯಿತು. ಎಳೆಎಳೆಯಾಗಿ ಜೋತು ಬೀಳುತ್ತಿದ್ದ ತುದಿಗಳು ಹೋದಮೇಲೆ ಉಳಿದದ್ದು ಒಂದಾಗಿ ನಿಂತು, ಇರುವುದಕ್ಕಿಂತ ತುಂಬಿಕೊಂಡಂತೆ ಕಂಡಿತು. ದಟ್ಟವಾಗಲಿಲ್ಲ, ಆಗುವುದೂ ಇಲ್ಲ. ಅದನ್ನು ಇನೋಬತ್ ಮಗುವಿಗೆ ನೇರವಾಗಿಯೇ ಹೇಳಿದಳು: ನಿನ್ನ ಕೂದಲು ಸಣ್ಣ, ಸಣ್ಣದಾಗಿಯೇ ಇರುತ್ತೆ. ಸಣ್ಣ ನೂಲಿಗೆ ಬೇರೆ ಕೈ ಬೇಕು, ಅದನ್ನು ಕಲಿ.

ಕಲಿಸಿದ್ದೂ ಕಾರ್ಖಾನೆಯ ಕ್ರಮದಲ್ಲಿಯೇ. ಮೊಟ್ಟೆ, ಮೊಸರು ನಿಂತವು. ಒಣ ಕೂದಲನ್ನು ಬಾಚುವ ಹಾಗಿಲ್ಲ. ಅಂಗೈ ಒದ್ದೆ ಮಾಡಿಕೊಂಡು ಸವರಬೇಕು, ಅಗಲ ಹಲ್ಲಿನ ಮರದ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ ಆಮೇಲೆ ಮೇಲಕ್ಕೆ ಹೋಗಬೇಕು. ಜರ್ದಾಳು ಬೀಜದ ಎಣ್ಣೆ ಒಂದೇ ಹನಿ, ಅದೂ ಕೈಗೆ ಉಜ್ಜಿ ಇಲ್ಲವೆನಿಸಿದ ಮೇಲೆ ತುದಿಗಷ್ಟೇ. ರೇಷ್ಮೆ ಬಟ್ಟೆಯ ತುಂಡುಗಳನ್ನು ಜೋಡಿಸಿ ದಿಂಬಿಗೆ ಗವಸು ಹೊಲಿದಳು, ಮುಂದಿನ ಚಳಿಗಾಲಕ್ಕೆಂದು ಉಣ್ಣೆಯ ಟೋಪಿಯ ಒಳಗೂ ಅದೇ ಬಟ್ಟೆಯ ಅಸ್ತರು ಕೊಟ್ಟಳು. ಅದನ್ನು ಹಾಕಿ ತೆಗೆದರೆ ಚಟಚಟ ಅನ್ನುತ್ತಿರಲಿಲ್ಲ. ಜಡೆಯ ಬದಲು ಕಿವಿಯ ಮೇಲೆ ಒಂದೊಂದು ಸಣ್ಣ ಹೆಣಿಗೆ, ಸಡಿಲವಾಗಿ. ಬುವಿ ಕೈ ಬಿಗಿ ಮಾಡಿದಾಗಲೆಲ್ಲ ಮಹ್ಲಿಯೋ “ಕೈ ನೋಡ್ಕೊಳ್ಳಿ” ಎನ್ನುವಷ್ಟು ಬೆಳೆದಳು. ಕೆಲವೇ ದಿನಗಳಲ್ಲಿ ಬುವಿಯ ಕೈಯಿಂದ ಬಾಚಣಿಗೆ ಕಿತ್ತುಕೊಂಡು ತಾನೇ ಮಾಡಿಕೊಳ್ಳತೊಡಗಿದಳು. ಬೈತಲೆ ಸೊಟ್ಟಗಿರುತ್ತಿತ್ತು. ಇನೋಬತ್ ಕಂಡೂ ಸುಮ್ಮನಿದ್ದಳು. ಆಕೆಗೆ ಅದೇ ದೊಡ್ಡ ಕಷ್ಟ. ಇದೆಲ್ಲ ನಡೆದದ್ದು ಅಂಗಳದ ಕಟ್ಟೆಯ ಮೇಲೆ, ಬೀದಿಗೆ ಕಾಣುವಂತೆ. ಸಲೋಮತ್ ನೋಡಿ, ಹುಡುಗನ ಹಾಗೆ ಕತ್ತರಿಸಿಬಿಟ್ಟಿರಲ್ಲ ಅಕ್ಕಾ ಎಂದಾಗ, ಕತ್ತರಿಸಿದ್ದು ನಿನ್ನ ಮಗಳೇ, ಹೋಗಿ ಕೇಳು ಎಂದಳು ಇನೋಬತ್.

ಹುಡುಗಿ ತಲೆವಸ್ತ್ರವಿಲ್ಲದೆ ಶಾಲೆಗೆ ಹೋದಳು, ಅಭ್ಯಾಸಕ್ಕೂ ಹೋದಳು. ನಡುವಿನ ಜಾಗ ಅವಳಿಗೇ ಉಳಿಯಿತು. ಊದುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ಮಕ್ಕಳು ಅಷ್ಟು ಸುಲಭಕ್ಕೆ ಒಳ್ಳೆಯವರಾಗುವುದಿಲ್ಲ. ಹಬ್ಬದ ಬೆಳಿಗ್ಗೆ, ಸಾಲು ನಿಲ್ಲಿಸುವಾಗ, ಫರ್ಗಾನ ಕಣಿವೆಯ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಸರ್ದೋರ್ ಹಿಂದಿನಿಂದ ಬಂದು ಅವಳ ಕತ್ತಿನ ಬಳಿ ಊದಿದ. ದಿಲ್ರಬೋ ಪಕ್ಕದಲ್ಲೇ ಇದ್ದಳು, ಗದರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಮಹ್ಲಿಯೋ ತಿರುಗಿದಳು.

“ಇನ್ನೂ ಸ್ವಲ್ಪ ಜೋರಾಗಿ ಊದೋ, ಸೆಕೆ ತಡೆಯೋಕಾಗ್ತಿಲ್ಲ.”

ಹಲೀಮಾ ಜೋರಾಗಿ ನಕ್ಕಳು, ಸುತ್ತಲಿದ್ದವರೂ ನಕ್ಕರು. ಸರ್ದೋರ್ ಊದಲೋ ಬೇಡವೋ ತಿಳಿಯದೆ ಬಾಯಿ ಚೂಪು ಮಾಡಿಕೊಂಡೇ ನಿಂತಿದ್ದ.

ಇನೋಬತ್ ಬುವಿ ಮುಂದಿನ ಬೆಂಚಿನಲ್ಲಿ ಸಲೋಮತ್‌ಳ ಪಕ್ಕ ಕೂತಿದ್ದಳು. ಡೋಲು ಶುರುವಾಯಿತು. ಮಕ್ಕಳು ಮುಂದೆ ಬಂದರು, ಹಿಂದೆ ಸರಿದರು, ಕೈ ಅಲೆಯಾಡಿಸಿದರು. ಅರ್ಧಕ್ಕೆ ಬರುವಷ್ಟರಲ್ಲಿ ಮಹ್ಲಿಯೋಳ ಬಲಗಿವಿಯ ಹೆಣಿಗೆ ಬಿಚ್ಚಿಕೊಂಡು ಎಳೆಗಳು ಬಿಸಿಲಲ್ಲಿ ಮೇಲೆದ್ದವು. ಬುವಿಯ ಕೈ ತಾನಾಗಿಯೇ ಬೆಂಚಿನಿಂದ ಎದ್ದಿತು. ಆಕೆ ಅದನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಿಗೆ ಇಳಿಸಿದಳು.

“ಅಕ್ಕಾ, ಮೊಮ್ಮಗಳ ಕೂದಲು ಬಿಚ್ಚಿಹೋಯ್ತಲ್ಲ” ಎಂದು ಸಲೋಮತ್ ಮೊಣಕೈಯಿಂದ ತಿವಿದಳು.

“ಹೋಗ್ಲಿ” ಎಂದಳು ಇನೋಬತ್. “ಸುಮ್ನೆ ನೋಡು, ಈಗ ಸುತ್ತೋದು ಬರುತ್ತೆ.”